ಬ್ಯಾಟರಿ ಬದಲಿಸುವ ಮುನ್ನ ಒಮ್ಮೆ ಮೀಟರ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ನಾಲ್ಕು ದಿನದ ರಜೆ ಮುಗಿಸಿ ಬಂದು ಕಾರಿನ ಕೀ ತಿರುಗಿಸಿದರೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ, ಬಾನೆಟ್ಟಿನೊಳಗೆ ಟಕಟಕ ಸದ್ದಷ್ಟೇ. ಪಕ್ಕದ ಗ್ಯಾರೇಜಿನ ಹುಡುಗ ಬಂದು ಜಂಪ್ ಕೊಟ್ಟು (ಬೇರೆ ಬ್ಯಾಟರಿಯ ಕರೆಂಟಿನಿಂದ ಸ್ಟಾರ್ಟ್ ಮಾಡಿ), ‘ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಬಿಡಿ’ ಎನ್ನುತ್ತಾನೆ. ಹಾಕಿಸಿದ್ದಾಯಿತು. ಮುಂದಿನ ರಜೆಗೆ ಮತ್ತದೇ ಟಕಟಕ. ಈ ಸುತ್ತಿನಲ್ಲಿ ಅರ್ಧಕ್ಕರ್ಧ ಸಲ ಬ್ಯಾಟರಿಯದು ತಪ್ಪೇ ಇರುವುದಿಲ್ಲ. ನಿಂತ ಗಾಡಿಯೊಳಗೆ ಯಾವುದೋ ಒಂದು ಭಾಗ ರಾತ್ರಿಯಿಡೀ ಎಚ್ಚರವಿದ್ದು ಕರೆಂಟು ಹೀರುತ್ತಿರುತ್ತದೆ. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ‘ಲೀಕೇಜ್’. ಅದನ್ನು ಹಿಡಿಯಲು ಸಾವಿರ ರೂಪಾಯಿಯೊಳಗೆ ಸಿಗುವ ಮಲ್ಟಿಮೀಟರ್ (ವೋಲ್ಟೇಜು, ಕರೆಂಟು ಅಳೆಯುವ ಉಪಕರಣ) ಮತ್ತು ಒಂದು ಭಾನುವಾರದ ಬೆಳಗು ಸಾಕು.

ಮೊದಲು ಲೆಕ್ಕ. ಬೀಗ ಹಾಕಿ ನಿಲ್ಲಿಸಿದ ಇಂದಿನ ಕಾರು ಒಂದಿಷ್ಟು ಕರೆಂಟು ತಿಂದೇ ತಿನ್ನುತ್ತದೆ. ಗಡಿಯಾರ, ಅಲಾರಂ, ರಿಮೋಟ್ ಬೀಗದ ರಿಸೀವರ್, ಎಂಜಿನ್ ಕಂಪ್ಯೂಟರಿನ ನೆನಪು, ಇವಕ್ಕೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್. ಐವತ್ತು ದಾಟಿದರೆ ಅನುಮಾನಿಸಬೇಕು. ಸಣ್ಣ ಪೆಟ್ರೋಲ್ ಕಾರಿನ 35 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯನ್ನೇ ತೆಗೆದುಕೊಳ್ಳಿ. 25 ಮಿಲಿಆಂಪಿಯರ್ ಎಂದರೆ ದಿನಕ್ಕೆ 0.6 ಆಂಪಿಯರ್-ಗಂಟೆ, ಅರ್ಧ ಖಾಲಿಯಾಗಲು ಹತ್ತಿರ ಹತ್ತಿರ ಒಂದು ತಿಂಗಳು. ಅಂಟಿಕೊಂಡ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) 150 ಮಿಲಿಆಂಪಿಯರ್ ಎಳೆದರೆ ಅದೇ ಅರ್ಧಕ್ಕೆ ಐದೇ ದಿನ. ಡಿಕ್ಕಿಯ 5 ವ್ಯಾಟಿನ ಬಲ್ಬು ಆರದೆ ಉಳಿದರೆ ದಿನಕ್ಕೆ ಹತ್ತು ಆಂಪಿಯರ್-ಗಂಟೆ, ಎರಡನೇ ರಾತ್ರಿ ಕಳೆಯುವಷ್ಟರಲ್ಲಿ ಕಥೆ ಮುಗಿಯಿತು. ಆದ್ದರಿಂದ ‘ಎಷ್ಟು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ’ ಎಂಬ ಪ್ರಶ್ನೆಗೆ ಮಾಲೀಕರು ಕೊಡುವ ಉತ್ತರವೇ ಅರ್ಧ ರೋಗ ಹೇಳಿಬಿಡುತ್ತದೆ. ಆದರೆ ಆ ಪ್ರಶ್ನೆ ಕೇಳುವವರು ಕಡಿಮೆ.

ಮೀಟರನ್ನು ಲೀಕೇಜಿಗೆ ಹಿಡಿಯುವ ಮುಂಚೆ ಬ್ಯಾಟರಿ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ) ಎರಡೂ ಸರಿಯಿವೆಯೇ ಎಂದು ನೋಡಿಕೊಳ್ಳಬೇಕು. ಬ್ಯಾಟರಿಯನ್ನು ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ (35 ಎಎಚ್‌ಗೆ ಮೂರೂವರೆ ಆಂಪಿಯರಿನಂತೆ ಹತ್ತು–ಹನ್ನೆರಡು ಗಂಟೆ), ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಿಳಿದರೆ ಖಾಲಿ ಎಂದೇ ಲೆಕ್ಕ. ಸೆಲ್ಫ್ ಹೊಡೆಯುವಾಗ ವೋಲ್ಟೇಜು 9.6ಕ್ಕಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ ಟರ್ಮಿನಲ್ ಮೇಲೆ 13.8ರಿಂದ 14.5 ಸಿಗಬೇಕು, ಸಿಗದಿದ್ದರೆ ಬೆಲ್ಟು, ಆಲ್ಟರ್ನೇಟರ್ ಕಡೆ ನೋಡಿ. ಬ್ಯಾಟರಿಯ ಮೇಲ್ಮೈಯನ್ನೂ ಮರೆಯಬೇಡಿ. ಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್ ಟರ್ಮಿನಲ್ಲಿಗೂ ಕೆಂಪನ್ನು ಪ್ಲಾಸ್ಟಿಕ್ ಮುಚ್ಚಳದ ಮೇಲೂ ಅಲ್ಲಲ್ಲಿ ಇಟ್ಟು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ಆಸಿಡ್ ಬೆರೆತ ಆ ಕೊಳೆಯ ಮೂಲಕವೇ ಕರೆಂಟು ಹರಿಯುತ್ತಿದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒರೆಸಿ, ತೊಳೆದು, ಒಣಗಿಸಿ. ದ್ರಾವಣ ಮುಚ್ಚಳದ ತೂತಿನೊಳಗೆ ಇಳಿಯಬಾರದು.

ಇನ್ನು ಗ್ಯಾರೇಜುಗಳಲ್ಲಿ ಇವತ್ತಿಗೂ ನಡೆಯುವ ಒಂದು ಪರೀಕ್ಷೆ: ನೆಗೆಟಿವ್ ಕೇಬಲ್ ಬಿಚ್ಚಿ, ಟರ್ಮಿನಲ್ಲಿಗೆ ತಾಗಿಸಿ, ಕಿಡಿ ಹಾರಿದರೆ ‘ಲೀಕೇಜ್ ಇದೆ’ ಎನ್ನುವುದು. ಕಾರ್ಬೊರೇಟರ್ ಕಾಲದ ಗಾಡಿಗೆ ಅದು ಸರಿಯಿತ್ತು. ಈಗಿನ ಕಾರಿನಲ್ಲಿ ಕಂಪ್ಯೂಟರುಗಳೆಲ್ಲ ಕರೆಂಟು ಸಿಕ್ಕ ಕ್ಷಣ ಎದ್ದು ಕೂರುತ್ತವೆ, ಅವುಗಳೊಳಗೆ ಕರೆಂಟು ಕೂಡಿಡುವ ಕೆಪಾಸಿಟರುಗಳು ತುಂಬಿಕೊಳ್ಳುತ್ತವೆ. ಕಿಡಿ ಹಾರದಿದ್ದರೇ ಆಶ್ಚರ್ಯ. ಟೆಸ್ಟ್ ಲ್ಯಾಂಪನ್ನು ಸರಣಿಯಲ್ಲಿ, ಅಂದರೆ ಕರೆಂಟು ಹಾದುಹೋಗುವ ದಾರಿಯ ನಡುವೆಯೇ, ಹಾಕಿ ನೋಡುವುದೂ ಅಷ್ಟೇ. ನೂರು ಮಿಲಿಆಂಪಿಯರಿಗೆ ಅದರ ತಂತಿ ಕೆಂಪಗೂ ಆಗುವುದಿಲ್ಲ. ದೀಪ ಹೊತ್ತಲಿಲ್ಲ, ಗಾಡಿ ಸರಿ ಇದೆ ಎಂದು ಕಳುಹಿಸಿದವರ ಕಾರುಗಳೇ ವಾರ ಬಿಟ್ಟು ಮತ್ತೆ ಬರುವುದು.

ಸರಿಯಾದ ಪರೀಕ್ಷೆಯ ಗುಟ್ಟೆಲ್ಲ ಗಾಡಿಯನ್ನು ನಿದ್ದೆಗೆ ಕಳಿಸುವುದರಲ್ಲಿದೆ. ಬಾನೆಟ್ ತೆರೆದಿರಬೇಕು, ಕ್ಯಾಬಿನ್ನಿನ ಫ್ಯೂಸ್ ಬಾಕ್ಸ್ ಕೈಗೆ ಸಿಗಬೇಕು, ಆದರೆ ಎಲ್ಲ ಬಾಗಿಲೂ ಮುಚ್ಚಿವೆ ಎಂದು ಗಾಡಿ ನಂಬಬೇಕು. ಅದಕ್ಕೊಂದು ಉಪಾಯ. ತೆರೆದ ಬಾಗಿಲಿನ ಅಂಚಿನಲ್ಲಿರುವ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಎರಡು ಸಲ ‘ಟಕ್’ ಎನ್ನುವವರೆಗೆ ಒತ್ತಿ. ಒಳಗಿನ ದೀಪ ಆರುತ್ತದೆ. ಹಳೆಯ ಮಾದರಿಗಳಲ್ಲಿ ಬಾಗಿಲ ಪಕ್ಕದ ಕಂಬದ ಮೇಲೆ ರಬ್ಬರಿನ ಗುಂಡಿ ಇರುತ್ತದೆ, ಅದನ್ನು ಒತ್ತಿ ಟೇಪ್ ಸುತ್ತಿದರಾಯಿತು. ಬಾನೆಟ್ ಸ್ವಿಚ್ ಇರುವ ಗಾಡಿಯಲ್ಲಿ ಅದಕ್ಕೂ ಇದೇ ಮದ್ದು. ಕೆಲಸ ಮುಗಿದ ಮೇಲೆ ಹಿಡಿಕೆ ಎಳೆದು ಕೊಕ್ಕೆ ಬಿಡಿಸದೆ ಬಾಗಿಲು ಹಾಕಿದಿರೋ, ಲಾಕೂ ಹೋಯಿತು, ಬಣ್ಣವೂ ಹೋಯಿತು. ಕಿಟಕಿಯ ಗಾಜು ಇಳಿದೇ ಇರಲಿ. ಬಟನ್ ಸ್ಟಾರ್ಟ್ ಗಾಡಿಯ ಕೀಯನ್ನು ಜೇಬಿನಲ್ಲಿಟ್ಟುಕೊಂಡು ಬಾನೆಟ್ಟಿನ ಮುಂದೆ ನಿಲ್ಲಬೇಡಿ, ಮನೆಯೊಳಗೆ ಹತ್ತು ಮೀಟರ್ ಆಚೆ ಇಟ್ಟು ಬನ್ನಿ.

ಮೀಟರ್ ಜೋಡಿಸುವುದು ನೆಗೆಟಿವ್ ಕಡೆಗೇ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್. ನೆಗೆಟಿವ್ ಕಡೆ ತಾಗಿದರೆ ಏನೂ ಆಗದು. ಕೆಂಪು ವೈರನ್ನು ಮೀಟರಿನ 10 ಆಂಪಿಯರ್ ತೂತಿಗೆ ಸಿಕ್ಕಿಸಿ, ಗುಂಡಿಯನ್ನು ಡಿಸಿ (ಬ್ಯಾಟರಿಯ ಬಗೆಯ ಕರೆಂಟು) 10 ಆಂಪಿಯರಿಗೆ ತಿರುಗಿಸಿ. ಕೇಬಲ್ ಬಿಚ್ಚುವ ಮೊದಲು ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ದಪ್ಪ ವೈರೊಂದನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೇಬಲ್ಲಿನ ಕ್ಲ್ಯಾಂಪಿಗೂ ಹಾಕಿ. ಆಮೇಲೆ 10 ನಂಬರ್ ಸ್ಪ್ಯಾನರಿನಿಂದ ಕ್ಲ್ಯಾಂಪ್ ಸಡಿಲಿಸಿ ಮೇಲೆತ್ತಿ. ಮೀಟರಿನ ಕೆಂಪು ಕಡ್ಡಿ ಕೇಬಲ್ಲಿಗೆ, ಕಪ್ಪು ಕಡ್ಡಿ ಕಂಬಕ್ಕೆ. ಕೊನೆಗೆ ಆ ಹೆಚ್ಚುವರಿ ವೈರ್ ತೆಗೆಯಿರಿ. ಹೀಗೆ ಮಾಡಿದರೆ ಗಾಡಿಗೆ ಒಂದು ಕ್ಷಣವೂ ಕರೆಂಟು ತಪ್ಪುವುದಿಲ್ಲ. ಸ್ಟೀರಿಯೊ ಕೋಡ್ ಕೇಳುವುದಿಲ್ಲ, ಒಂದೇ ಒತ್ತಿಗೆ ಏರುವ ಪವರ್ ವಿಂಡೊ ತನ್ನ ಪಾಠ ಮರೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎಂದೋ ಒಮ್ಮೊಮ್ಮೆ ನಿದ್ದೆಗೆಡುವ ಕಂಪ್ಯೂಟರ್ ‘ರೀಸೆಟ್’ ಆಗಿ ರೋಗ ಮುಚ್ಚಿಹೋಗುವುದಿಲ್ಲ. ನಡುವೆ ಬಾಗಿಲು ತೆರೆಯಬೇಕಾಗಿ ಬಂದರೆ ಮೊದಲು ಆ ವೈರ್ ಮತ್ತೆ ಹಾಕಿಕೊಳ್ಳಿ. ಮೀಟರ್ ಸರಣಿಯಲ್ಲಿದ್ದಾಗ ಕೀ ತಿರುಗಿಸುವ ಮಾತೇ ಇಲ್ಲ. ಸೆಲ್ಫಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಅಗ್ಗದ ಮೀಟರುಗಳ 10 ಆಂಪಿಯರ್ ತೂತಿಗೆ ಎಷ್ಟೋ ಸಲ ಒಳಗೆ ಫ್ಯೂಸೇ ಇರುವುದಿಲ್ಲ, ಹೊಗೆ ಬರುವುದು ಖಚಿತ. ದಾರಿಯಲ್ಲಿ 10 ಆಂಪಿಯರಿನ ಒಂದು ಬ್ಲೇಡ್ ಫ್ಯೂಸ್ ಹಾಕಿಕೊಂಡರೆ ನೆಮ್ಮದಿ.

ಈಗ ಕಾಯುವ ಕೆಲಸ. ಬೀಗ ಹಾಕಿದ ಕೂಡಲೇ ಮೀಟರ್ ಮೂರು–ನಾಲ್ಕು ಆಂಪಿಯರ್ ತೋರಿಸಬಹುದು, ಗಾಬರಿ ಬೇಡ. ಮೆಟ್ಟಿಲು ಇಳಿದಂತೆ ಅದು ಒಂದು ಆಂಪಿಯರಿಗೆ, ಅರ್ಧಕ್ಕೆ, ಕೊನೆಗೆ 0.02ಕ್ಕೆ ಇಳಿಯಬೇಕು. ಕೆಲವು ಗಾಡಿಗಳಿಗೆ ಹತ್ತು ನಿಮಿಷ ಸಾಕು, ಕೆಲವಕ್ಕೆ ನಲವತ್ತು ನಿಮಿಷವೂ ಬೇಕು. ಐದೇ ನಿಮಿಷ ನೋಡಿ ‘ಅರ್ಧ ಆಂಪಿಯರ್ ಲೀಕ್’ ಎಂದು ಷರಾ ಬರೆಯುವುದು ಅತಿ ಸಾಮಾನ್ಯ ತಪ್ಪು. ಇನ್ನೊಂದು ತಪ್ಪು, ಅಂಕಿ ಚಿಕ್ಕದಾಯಿತೆಂದು ಮೀಟರಿನ ಕೆಂಪು ವೈರನ್ನು ನಡುವೆಯೇ ಕಿತ್ತು ಮಿಲಿಆಂಪಿಯರ್ ತೂತಿಗೆ ಸಿಕ್ಕಿಸುವುದು. ಆ ಒಂದು ಕ್ಷಣ ಕರೆಂಟು ಕಡಿದು ಎಲ್ಲ ಕಂಪ್ಯೂಟರುಗಳೂ ಮತ್ತೆ ಏಳುತ್ತವೆ, ಮೀಟರಿನ 200 ಮಿಲಿಆಂಪಿಯರ್ ಫ್ಯೂಸೂ ಸುಡುತ್ತದೆ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಕೇಬಲ್ ಬಿಚ್ಚುವ ಗೊಡವೆಯೇ ಇಲ್ಲ, ಸುತ್ತ ಹಿಡಿದರೆ ಸಾಕು. ಆದರೆ ಮನೆ ವೈರಿಂಗಿನವರ, ಎಸಿ (ಮನೆಯ ಬಗೆಯ ಕರೆಂಟು) ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಸೊನ್ನೆಯನ್ನೇ ತೋರಿಸುತ್ತದೆ.

ಎಲ್ಲಿ ಬಂದು ನಿಂತಿತು ಎಂಬ ಅಂಕಿಯೇ ಮಾತಾಡುತ್ತದೆ. 0.42ಕ್ಕೆ ನಿಂತರೆ ಹನ್ನೆರಡರಿಂದ ಗುಣಿಸಿ: ಐದು ವ್ಯಾಟ್. ಎಲ್ಲೋ ಒಂದು ಬಲ್ಬು ಉರಿಯುತ್ತಿದೆ. ಗ್ಲೋವ್ ಬಾಕ್ಸ್, ಡಿಕ್ಕಿ, ಬಿಸಿಲುಮರೆಯ ಕನ್ನಡಿ ಹುಡುಕಿ. ಮುಚ್ಚಿದ ಮೇಲೆ ದೀಪ ಆರಿತೇ ಎಂದು ತಿಳಿಯಲು ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಒಳಗಿಟ್ಟು ಮುಚ್ಚಿ ತೆಗೆದರೆ ಸಾಕ್ಷಿ ಸಮೇತ ಸಿಗುತ್ತದೆ. 0.15ರಿಂದ 0.2 ಎಂದರೆ ರಿಲೇಯ ಸುರುಳಿ. ಫ್ಯೂಸ್ ಬಾಕ್ಸಿನ ರಿಲೇಗಳ ನೆತ್ತಿಯ ಮೇಲೆ ಒಂದೊಂದಾಗಿ ಬೆರಳಿಡಿ, ಉಳಿದವು ತಣ್ಣಗಿದ್ದು ಒಂದು ಮಾತ್ರ ಉಗುರುಬೆಚ್ಚಗಿದ್ದರೆ ಅದಕ್ಕೆ ಯಾರೋ ಆಜ್ಞೆ ಕೊಡುತ್ತಲೇ ಇದ್ದಾರೆ. ಅಂಕಿ ಸೆಕೆಂಡಿಗೊಮ್ಮೆ ಚೂರು ಏರಿ ಇಳಿಯುತ್ತಿದ್ದರೆ ಅದು ಅಲಾರಮ್ಮಿನ ಮಿಟುಕುವ ಎಲ್‌ಇಡಿ, ಬಿಟ್ಟುಬಿಡಿ.

ಮುಂದೆ ಫ್ಯೂಸುಗಳು. ಒಂದೊಂದೇ ಕಿತ್ತು ನೋಡುವ ಹಳೆಯ ಕ್ರಮದಲ್ಲಿ ತೊಂದರೆಯಿದೆ: ಕಿತ್ತ ಫ್ಯೂಸ್ ಮತ್ತೆ ಹಾಕಿದೊಡನೆ ಆ ಸರ್ಕ್ಯೂಟಿನ ಕಂಪ್ಯೂಟರ್ ಏಳುತ್ತದೆ, ಅದು ಇನ್ನೊಂದನ್ನು ಎಬ್ಬಿಸುತ್ತದೆ, ಮತ್ತೆ ಅರ್ಧ ಗಂಟೆ ಕಾಯಿರಿ. ಅದರ ಬದಲು ಫ್ಯೂಸ್ ಇದ್ದಲ್ಲೇ ಇರಲಿ. ಬ್ಲೇಡ್ ಫ್ಯೂಸಿನ ನೆತ್ತಿಯಲ್ಲಿ ಎರಡು ಸಣ್ಣ ಲೋಹದ ಚುಕ್ಕೆಗಳು ಕಾಣುತ್ತವೆ. ಇನ್ನೊಂದು ಮೀಟರನ್ನು ಡಿಸಿ 200 ಮಿಲಿವೋಲ್ಟಿಗೆ ಇಟ್ಟು ಎರಡು ಕಡ್ಡಿಗಳನ್ನೂ ಆ ಚುಕ್ಕೆಗಳಿಗೆ ತಾಗಿಸಿ. ಫ್ಯೂಸೂ ಒಂದು ತಂತಿಯೇ, ಅದಕ್ಕೊಂದಿಷ್ಟು ರೆಸಿಸ್ಟೆನ್ಸ್ ಇದ್ದೇ ಇದೆ. ಕರೆಂಟು ಹರಿಯುತ್ತಿದ್ದರೆ ಎರಡು ತುದಿಗಳ ನಡುವೆ ವೋಲ್ಟೇಜು ಸಿಗುತ್ತದೆ. 10 ಆಂಪಿಯರ್ ಫ್ಯೂಸಿನ ಮೇಲೆ 1 ಮಿಲಿವೋಲ್ಟ್ ಎಂದರೆ ಸುಮಾರು 130 ಮಿಲಿಆಂಪಿಯರ್, 5 ಆಂಪಿಯರ್ ಫ್ಯೂಸಿನಲ್ಲಿ ಅದೇ 1 ಮಿಲಿವೋಲ್ಟಿಗೆ ಸುಮಾರು 60, 20 ಆಂಪಿಯರಿನದರಲ್ಲಿ ಹತ್ತಿರ ಹತ್ತಿರ 300. ಹೆಚ್ಚಿನವು 0.0 ತೋರಿಸುತ್ತವೆ, 0.0 ಅಲ್ಲದ್ದನ್ನು ಬರೆದಿಟ್ಟುಕೊಳ್ಳುತ್ತ ಹೋಗಿ. ಮೂವತ್ತು ಫ್ಯೂಸಿಗೆ ಹತ್ತು ನಿಮಿಷ, ಯಾವ ಕಂಪ್ಯೂಟರೂ ಕಣ್ಣು ಬಿಡುವುದಿಲ್ಲ. ಮನೆಯಲ್ಲೇ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಆದರೆ ಫ್ಯೂಸ್ ಸಿಕ್ಕ ಮಾತ್ರಕ್ಕೆ ಕಳ್ಳ ಸಿಕ್ಕಂತಾಗಲಿಲ್ಲ. ಎಷ್ಟೋ ಗಾಡಿಗಳಲ್ಲಿ ಬೆರಳು ಹೋಗುವುದು ಬಾಡಿ ಕಂಟ್ರೋಲ್ ಮಾಡ್ಯೂಲಿನ (ದೀಪ, ಬೀಗ, ಬಾಗಿಲುಗಳನ್ನು ನೋಡಿಕೊಳ್ಳುವ ಕಂಪ್ಯೂಟರ್) ಫ್ಯೂಸಿನತ್ತ. ಆ ಫ್ಯೂಸ್ ತೆಗೆದರೆ ಕರೆಂಟು ಇಳಿಯಿತು, ಮಾಡ್ಯೂಲ್ ಕೆಟ್ಟಿದೆ, ಬದಲಿಸಿ, ಇಷ್ಟು ಸಾವಿರ ಎಂದುಬಿಡುತ್ತಾರೆ. ಮಾಡ್ಯೂಲಿನ ತಪ್ಪೇನು? ಹಿಂಬಾಗಿಲಿನ ಲಾಕಿನೊಳಗಿನ ಪುಟ್ಟ ಮೈಕ್ರೋಸ್ವಿಚ್ ಸವೆದು ‘ಬಾಗಿಲು ತೆರೆದಿದೆ’ ಎಂದು ಹೇಳುತ್ತಲೇ ಇದ್ದರೆ ಅದು ಮಲಗುವುದು ಹೇಗೆ? ಆದ್ದರಿಂದ ಮಾಡ್ಯೂಲಿನ ಬೆಲೆ ಕೇಳುವ ಮುನ್ನ ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಹಾಕಿ ಐದೂ ಬಾಗಿಲು, ಬಾನೆಟ್, ಬ್ರೇಕ್ ಸ್ವಿಚ್, ಕೀ ಸ್ವಿಚ್ಚುಗಳ ಸ್ಥಿತಿ ಒಂದೊಂದಾಗಿ ನೋಡಬೇಕು. ಬಾಗಿಲು ತೆರೆದಾಗ ‘ತೆರೆದಿದೆ’, ಮುಚ್ಚಿದಾಗ ‘ಮುಚ್ಚಿದೆ’ ಎನ್ನಬೇಕು, ಅಷ್ಟೇ.

ಎಲ್ಲ ಫ್ಯೂಸುಗಳೂ ಶುದ್ಧ, ಆದರೂ ಮುಖ್ಯ ಮೀಟರ್ 300 ಮಿಲಿಆಂಪಿಯರ್ ತೋರಿಸುತ್ತಿದೆಯೆ? ಹಾಗಾದರೆ ಫ್ಯೂಸ್ ಬಾಕ್ಸನ್ನು ದಾಟದ ದಾರಿ ನೋಡಿ. ಮೊದಲನೆಯದು ಆಲ್ಟರ್ನೇಟರಿನ ದಪ್ಪ ವೈರ್. ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರಿದರೆ ಕರೆಂಟು ಹಿಮ್ಮುಖವಾಗಿ ಹರಿಯುತ್ತದೆ. ರಾತ್ರಿ ನಿಲ್ಲಿಸಿದ ಗಾಡಿಯ ಆಲ್ಟರ್ನೇಟರ್ ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿದೆ ಎಂದರೆ ಬೇರೆ ಸಾಕ್ಷಿ ಬೇಡ. ಎಂಜಿನ್ ಓಡಿಸಿ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಹಿಡಿದು ನೋಡಿ: 0.1 ವೋಲ್ಟಿನೊಳಗಿದ್ದರೆ ಸರಿ, ಅರ್ಧ ವೋಲ್ಟ್ ದಾಟಿದರೆ ಡಯೋಡ್ ಹೋಗಿದೆ. (ಕೆಲವು ಅಗ್ಗದ ಮೀಟರುಗಳು ಎಸಿಯಲ್ಲಿ ಡಿಸಿಯನ್ನೂ ಸೇರಿಸಿ ಇಪ್ಪತ್ತು ಮೂವತ್ತು ವೋಲ್ಟ್ ತೋರಿಸುತ್ತವೆ, ಅಂಥದ್ದನ್ನು ಈ ಕೆಲಸಕ್ಕೆ ನಂಬಬೇಡಿ.) ಎರಡನೆಯ ದಾರಿ, ಅಂಗಡಿಯವರು ನೇರ ಬ್ಯಾಟರಿಯಿಂದ ಎಳೆದ ವೈರುಗಳು.

ಅಲ್ಲಿಗೆ ಮಾತು ನಮ್ಮ ಆಕ್ಸೆಸರಿ ಅಂಗಡಿಗಳಿಗೆ ಬಂತು. ಸ್ಟೀರಿಯೊದ ಹಳದಿ ವೈರಿಗೆ ಸದಾ ಕರೆಂಟು ಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ‘ಕೀ ಇಲ್ಲದೆಯೂ ಹಾಡು ಬರಲಿ’ ಎಂದು ಗ್ರಾಹಕ ಕೇಳಿದ ತಕ್ಷಣ ಎರಡನ್ನೂ ತಿರುಚಿ ಒಂದೇ ವೈರಿಗೆ ಸುತ್ತಿ ಟೇಪ್ ಹಾಕುತ್ತಾರೆ. ಪರದೆ ಆರಿರುತ್ತದೆ, ಒಳಗೆ ಆಂಡ್ರಾಯ್ಡ್ ಎಚ್ಚರವಿರುತ್ತದೆ. ಆಂಪ್ಲಿಫೈಯರನ್ನು ಆನ್ ಮಾಡುವ ನೀಲಿ ವೈರೂ ಹಾಗೆಯೇ ನೇರ ಬ್ಯಾಟರಿಗೆ. ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡಿನಲ್ಲಿ 250 ಮಿಲಿಆಂಪಿಯರ್ ತಿಂದರೆ ಮೂರು ದಿನದಲ್ಲಿ ಅರ್ಧ ಬ್ಯಾಟರಿ. ಅದಕ್ಕೆ ವೋಲ್ಟೇಜು ಇಳಿದರೆ ತಾನೇ ಕಡಿದುಕೊಳ್ಳುವ ಕಿಟ್ ಬರುತ್ತದೆ, 12.2ಕ್ಕಿಂತ ಕೆಳಗೆ ಸೆಟ್ ಮಾಡಬೇಡಿ. ಒಬಿಡಿ ಸಾಕೆಟ್ಟಿಗೆ (ಸ್ಕ್ಯಾನರ್ ಹಾಕುವ ಜಾಗ) ಸಿಕ್ಕಿಸಿ ಮರೆತ ಬ್ಲೂಟೂತ್ ತುಣುಕು ತಾನು ತಿನ್ನುವುದು ಸ್ವಲ್ಪವೇ, ಆದರೆ ಗಾಡಿಯ ಕಂಪ್ಯೂಟರುಗಳನ್ನು ಮಾತಿಗೆಳೆದು ಮಲಗಲು ಬಿಡುವುದಿಲ್ಲ. ಹಳದಿ ಬೋರ್ಡಿನ ಗಾಡಿಗಳಿಗೆ ಎಐಎಸ್-140 ನಿಯಮದಡಿ ಹಾಕುವ ಟ್ರ್ಯಾಕರ್ ಸದಾ ಕರೆಂಟು ಕೇಳುವಂಥದ್ದೇ. ದಿನಾ ಓಡುವ ಟ್ಯಾಕ್ಸಿಗೆ ಲೆಕ್ಕಕ್ಕಿಲ್ಲ, ಮೂರು ವಾರ ಬಾಡಿಗೆ ಇಲ್ಲದೆ ನಿಂತರೆ ಲೆಕ್ಕಕ್ಕುಂಟು. ಫಾಸ್ಟ್ಯಾಗ್ ಮೇಲೆ ಅನುಮಾನಪಟ್ಟು ಕಿತ್ತವರೂ ಇದ್ದಾರೆ. ಪಾಪ, ಅದಕ್ಕೆ ಗಾಡಿಯ ಕರೆಂಟಿನ ಸಂಬಂಧವೇ ಇಲ್ಲ.

ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಬೇರೆಯದೇ ರಾಗ. ಮುಂಗಾಜಿನ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿಕೊಂಡು ನೀರು ಹೊರಗೆ ಹೋಗದೆ ಕ್ಯಾಬಿನ್ನಿಗಿಳಿಯುತ್ತದೆ. ಕಾರ್ಪೆಟ್ ಕೆಳಗಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಹುಟ್ಟಿ ಪಕ್ಕಪಕ್ಕದ ಪಿನ್ನುಗಳ ನಡುವೆ ಸೇತುವೆ ಕಟ್ಟುತ್ತದೆ. ಇಂಥ ಲೀಕೇಜು ಮಳೆ ಬಂದ ದಿನ ಇದ್ದು ಬಿಸಿಲಿಗೆ ಮಾಯ. ಗ್ಯಾರೇಜಿಗೆ ಒಯ್ಯುವ ಹೊತ್ತಿಗೆ ಗಾಡಿ ಸಾಧುವಾಗಿರುತ್ತದೆ. ಅದಕ್ಕೆ ಗರಿಷ್ಠ–ಕನಿಷ್ಠ ದಾಖಲಿಸುವ ಮೀಟರನ್ನು ರಾತ್ರಿಯಿಡೀ ಬಿಟ್ಟು ಹಿಡಿಯಬೇಕು. ಇಲಿ ಕಡಿದ ವೈರುಗಳನ್ನು ಹೇಳಬೇಕಾಗಿಲ್ಲ. ಬಾನೆಟ್ ತೆಗೆದೊಡನೆ ಹಿಕ್ಕೆ ಕಂಡರೆ ಫ್ಯೂಸಿಗಿಂತ ಮುಂಚೆ ಟಾರ್ಚ್ ಹಿಡಿಯಿರಿ.

ನೆಗೆಟಿವ್ ಟರ್ಮಿನಲ್ ಮೇಲೆ ಚಾರ್ಜಿನ ಲೆಕ್ಕ ಇಡುವ ಸೆನ್ಸರ್ ಇರುವ ಸ್ಟಾರ್ಟ್-ಸ್ಟಾಪ್ (ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನೇ ಆರಿ ಮತ್ತೆ ಶುರುವಾಗುವ) ಗಾಡಿಗಳಲ್ಲಿ ಚಾರ್ಜರಿನ ಕಪ್ಪು ಕ್ಲಿಪ್ಪನ್ನು ಬಾಡಿಗೇ ಹಾಕಬೇಕು. ಟರ್ಮಿನಲ್ಲಿಗೆ ಹಾಕಿದರೆ ಒಳಗೆ ಹೋದ ಚಾರ್ಜು ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ. ವಿದ್ಯುತ್ ಕಾರುಗಳಲ್ಲೂ 12 ವೋಲ್ಟಿನ ಬ್ಯಾಟರಿ ಇದೆ, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ಅಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳ ಹತ್ತಿರ ಸುಳಿಯಬೇಡಿ.

ಮಕ್ಕಳು ವಿದೇಶದಲ್ಲಿದ್ದು ಮನೆಯ ಮುಂದೆ ಅವರ ಕಾರು ನಿಂತಿರುವ ತಂದೆ-ತಾಯಂದಿರು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡುವುದುಂಟು. ವಾರದಲ್ಲಿ ಹೋಗುವುದು ನಾಲ್ಕು ಆಂಪಿಯರ್-ಗಂಟೆ, ಐದು ನಿಮಿಷದಲ್ಲಿ ಬರುವುದು ಹೆಚ್ಚೆಂದರೆ ಒಂದು. ಅದರ ಬದಲು ನೆಗೆಟಿವ್ ಬಿಚ್ಚಿಡುವುದು ಮೇಲು. ಬಿಚ್ಚುವ ಮುನ್ನ ಕೀಯ ಲೋಹದ ನಾಲಿಗೆಯಿಂದ ಬಾಗಿಲು ತೆರೆಯುತ್ತದೆಯೇ ನೋಡಿ. ಡಿಕ್ಕಿಯೊಳಗೆ ಏನನ್ನೂ ಬಿಡಬೇಡಿ, ಕರೆಂಟಿಲ್ಲದೆ ಅದು ತೆರೆಯದಿರಬಹುದು. ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬಾರದು. ಲೀಕೇಜಿನಿಂದ ಶುರುವಾದ ರೋಗ ಕೊನೆಗೆ ನಿಜವಾಗಿಯೂ ಬ್ಯಾಟರಿಯನ್ನು ಕೊಲ್ಲುವುದು ಹೀಗೆ.

ಪತ್ರ ಬರೆದ ಕಾರಣ ಇಷ್ಟೇ. ಬ್ಯಾಟರಿ ಮಾರುವವರು, ಗ್ಯಾರೇಜಿನವರು ಬಿಲ್ಲಿನಲ್ಲಿ ಮೂರು ಅಂಕಿ ಬರೆಯುವ ರೂಢಿ ತರಲಿ: ಹಳೆಯ ಬ್ಯಾಟರಿಯನ್ನು ಚಾರ್ಜ್ ಮಾಡಿ ಬಿಟ್ಟ ಮೇಲಿನ ವೋಲ್ಟೇಜು, ಎಂಜಿನ್ ಓಡುವಾಗಿನ ವೋಲ್ಟೇಜು, ಗಾಡಿ ನಿದ್ದೆ ಹೋದ ಮೇಲಿನ ಮಿಲಿಆಂಪಿಯರ್. ಆಕ್ಸೆಸರಿ ಅಂಗಡಿಯವರು ತಾವು ವೈರ್ ಎಲ್ಲಿಂದ ಎಳೆದೆವು, ಎಷ್ಟರ ಫ್ಯೂಸ್ ಹಾಕಿದೆವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗ್ಲೋವ್ ಬಾಕ್ಸಿನಲ್ಲಿಡಲಿ. ಗ್ರಾಹಕರು ಮೂರನೇ ಅಂಕಿಯನ್ನು ಕೇಳಿ ಪಡೆಯಲಿ. ‘ಅದಕ್ಕೆ ಒಂದು ಗಂಟೆ ಹಿಡಿಯುತ್ತದೆ, ಇನ್ನೂರು ಮುನ್ನೂರು ಕೂಲಿ ಆಗುತ್ತದೆ’ ಎಂದರೆ ಕೊಟ್ಟುಬಿಡಿ, ಅದು ನ್ಯಾಯವಾದ ಕೂಲಿ.

ಇತಿ,
ಒಬ್ಬ ಆಟೊ ಎಲೆಕ್ಟ್ರಿಷಿಯನ್, ಹಾಸನ